ಓಡಿ, ಓದಿ, ಹೆಣೆದು

"ಅಕ್ಕಾ, ಊರಿಂದ ಬರುವಾಗ ಆರು ಕಾದಂಬರಿ, ಉಲ್ಲನ್, ಕಡ್ಡಿ ಎಲ್ಲ ತಂದೆ. ಎರಡು ತಿಂಗಳಾಯ್ತು, ಒಂದನ್ನೂ ಮುಟ್ಟಿಲ್ಲ. ಅಸೈನ್‌ಮೆಂಟೇ ಮುಗಿಯಲ್ಲ. ನೀವು ಹೇಗೆ ನಿಭಾಯಿಸಿದಿರಿ?" ಅಂತ ಕೇಳಿದ್ದೀಯ. ಅಕ್ಕಾ ಅಂದೆಯಲ್ಲ, ನಾನೂ ಹೋಗು-ಬಾ ಅಂತಲೇ ಮಾತಾಡುತ್ತೇನೆ, ಬೇಜಾರಿಲ್ಲ ತಾನೆ?

ನಾನು ಫಿನ್ಲೆಂಡಿಗೆ, ಹೆಲ್ಸಿಂಕಿ ಪಕ್ಕದ ಎಸ್ಪೋ ಊರಿನ ಒಟಾನಿಯೆಮಿ ಕ್ಯಾಂಪಸ್‌ಗೆ ಓದಲು ಬಂದಿದ್ದು 2014ರಲ್ಲಿ. ಆಗ ಎಸ್ಪೋ ಕಡೆಗೆ ಮೆಟ್ರೋ ಕೂಡ ಇರಲಿಲ್ಲ. ಇಲ್ಲಿನ ಸೆಪ್ಟೆಂಬರ್ ನಮ್ಮನ್ನು ಏಮಾರಿಸುತ್ತದೆ. ಬಿಸಿಲಿರುತ್ತದೆ, ಬರ್ಚ್ ಮರಗಳು ಹಳದಿಯಾಗುತ್ತಿರುತ್ತವೆ, ಕೆಲಸ ಹಗುರ ಅನಿಸುತ್ತದೆ. ನೋಡನೋಡುತ್ತ ಮೊದಲ ಪೀರಿಯಡ್, ಅಂದರೆ ಕೆಲವು ವಾರಗಳ ಪಾಠದ ಅವಧಿ, ಮುಗಿದು ಅಕ್ಟೋಬರ್ ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಅದರ ಬೆನ್ನಿಗೇ ಎರಡನೆಯದು. ಈ ಮಧ್ಯೆ ಹಗಲು ದಿನಕ್ಕೆ ಐದಾರು ನಿಮಿಷ ಸವೆಯುತ್ತ ಹೋಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲಂತೂ ಸಂಜೆ ನಾಲ್ಕೂವರೆಗೇ ದೀಪ ಹಾಕಬೇಕು. ಬೆಂಗಳೂರಿನ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಇಲ್ಲಿ ಡಿಸೆಂಬರ್‌ನಲ್ಲಿ ಆರು ಗಂಟೆಯೂ ಇರುವುದಿಲ್ಲ. ಕತ್ತಲಾದರೆ ದಿನ ಮುಗೀತು ಅಂತಲೇ ನಮ್ಮ ಮೈಗೆ ಅಭ್ಯಾಸ. ಅರ್ಧ ಕೆಲಸ ಮಾತ್ರ ಹಾಗೇ ಬಿದ್ದಿರುತ್ತದೆ.

ಮೊದಲ ವರ್ಷ ನಾನೂ ನಿನ್ನ ಹಾಗೇ ಮಾಡಿದೆ. ಗಡುವೆಲ್ಲ ಮುಗಿಯಲಿ, ಆಮೇಲೆ ಆರಾಮಾಗಿ ಓದೋಣ ಅಂತ. ಆ ಆಮೇಲೆ ಬಂದಿದ್ದು ಡಿಸೆಂಬರ್ ಮಧ್ಯದಲ್ಲಿ. ಅಷ್ಟೊತ್ತಿಗೆ ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಇಳಿಯುತ್ತಿರಲಿಲ್ಲ. ಮರುವರ್ಷ ಹಟಕ್ಕೆ ಬಿದ್ದು ಜಡೆಯಂಥ ಡಿಸೈನಿನ ಸ್ವೆಟರ್ ಹಿಡಿದೆ, ಅದೂ ರಿಪೋರ್ಟ್ ಕೊಡಬೇಕಾದ ವಾರವೇ. ಎಲ್ಲೋ ಒಂದು ಕುಣಿಕೆ ಜಾರಿತ್ತು. ಹುಡುಕಿ, ಬಿಚ್ಚಿ, ಮತ್ತೆ ಹೆಣೆಯುವಷ್ಟರಲ್ಲಿ ರಾತ್ರಿ ಎರಡು ಗಂಟೆ. ರಿಪೋರ್ಟ್ ತಡವಾಯ್ತು, ಅಂಕ ಹೋಯ್ತು. ಆ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು.

ಗಡುವಿನ ತಿಂಗಳಿಗೆ ತಲೆ ಖರ್ಚಾಗದ ಹೆಣಿಗೆಯೇ ಬೇಕು ಅಂತ ಆಗ ಗೊತ್ತಾಯ್ತು. ಇಲ್ಲಿನವರ ಉಣ್ಣೆ ಕಾಲುಚೀಲ ಅದಕ್ಕೆ ಹೇಳಿ ಮಾಡಿಸಿದ್ದು. ಹಾಲು ಬ್ರೆಡ್ ತರುವ ಸೂಪರ್ ಮಾರ್ಕೆಟ್‌ನಲ್ಲೇ ಅದರ ನೂಲೂ ಸಿಗುತ್ತದೆ. 'ಏಳು ಅಣ್ಣತಮ್ಮಂದಿರು' ಅಂತ ಅರ್ಥ ಬರುವ ಹೆಸರಿನದು, 150 ಗ್ರಾಂ ಉಂಡೆ. ಇಲ್ಲಿನ ಹಳೇ ಕಾದಂಬರಿಯೊಂದರ ಹೆಸರೂ ಅದೇ, ನಮ್ಮಂಥವರಿಗೆ ಸರಿಯಾಗಿದೆ ಅಲ್ವಾ? ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ಪಾಲಿಅಮೈಡ್, ಅಂದರೆ ನೈಲಾನ್. ಹಾಗಾಗಿ ಹಿಮ್ಮಡಿ ಬೇಗ ಸವೆಯುವುದಿಲ್ಲ. ಮೇಲಿನ ಭಾಗ ಸುಮ್ನೆ ಸುತ್ತುತ್ತ ಹೋಗುತ್ತದೆ, ಕಣ್ಣೂ ಬೇಕಿಲ್ಲ. ಹಿಮ್ಮಡಿ ತಿರುಗಿಸುವಾಗ ಮಾತ್ರ ಲೆಕ್ಕ ಹಿಡಿಯಬೇಕು, ಅದನ್ನು ಭಾನುವಾರಕ್ಕೆ ಇಟ್ಟುಕೋ.

ಮೆಟ್ರೋದಲ್ಲಿ ಹೆಣೆಯಲು ಸಂಕೋಚ ಬೇಡ, ಯಾರೂ ತಿರುಗಿ ನೋಡುವುದಿಲ್ಲ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಸ್ನೋಬೋರ್ಡ್ ಕೋಚ್ ಅಂಟಿ ಕೊಸ್ಕಿನೆನ್, ಸ್ಪರ್ಧೆ ಶುರುವಾಗುವ ಜಾಗದಲ್ಲೇ ಹೆಣೆಯುತ್ತ ನಿಂತಿದ್ದರು! ಪಕ್ಕದಲ್ಲಿ ಅವರ ತಂಡದ ಹುಡುಗ ಜಿಗಿಯಲು ಸಿದ್ಧನಾಗುತ್ತಿದ್ದ. ಅದಕ್ಕಿಂತ ದೊಡ್ಡ ಗಡುವು ನಿನಗಿದೆಯಾ ಹೇಳು.

ಓದುವುದಕ್ಕೆ ನನ್ನದು ಒಂದೇ ಮಾತು. ತಂದಿರುವ ಆರು ಕಾದಂಬರಿಯಲ್ಲಿ ದಪ್ಪನೆಯವನ್ನು ಸೂಟ್‌ಕೇಸಿಗೇ ವಾಪಸ್ ಹಾಕು, ಡಿಸೆಂಬರ್ 6ರ ಸ್ವಾತಂತ್ರ್ಯ ದಿನ ಕಳೆದ ಮೇಲೆ ತೆಗೆ. ಅಲ್ಲಿಯವರೆಗೆ ಸಣ್ಣಕಥೆ, ಪ್ರಬಂಧ, ಮಲಗುವ ಮುಂಚೆ ಹತ್ತು ಪುಟ. ಇನ್ನೂ ಹೆಲ್ಮೆಟ್ ಕಾರ್ಡ್ ಮಾಡಿಸಿಲ್ಲ ಅಂದರೆ ಬೈತೀನಿ. ತಲೆಗೆ ಹಾಕುವ ಹೆಲ್ಮೆಟ್ ಅಲ್ಲ ಮಾರಾಯ್ತಿ. ಹೆಲ್ಸಿಂಕಿ, ಎಸ್ಪೋ, ವಾಂತಾ, ಕೌನಿಯಾಯಿನೆನ್ ನಾಲ್ಕೂ ಊರಿನ ಲೈಬ್ರರಿಗಳಿಗೆ ಒಂದೇ ಕಾರ್ಡ್, ಪುಸ್ತಕ ತರಲು ದುಡ್ಡು ಕೊಡಬೇಕಿಲ್ಲ.

ನನಗೆ ಇಷ್ಟವಾದದ್ದು ಹೆಲ್ಸಿಂಕಿ ಸ್ಟೇಷನ್ ಹತ್ತಿರ, ಪಾರ್ಲಿಮೆಂಟ್ ಎದುರಿನ ಲೈಬ್ರರಿ. 2018ರ ಡಿಸೆಂಬರ್‌ನಲ್ಲಿ ತೆರೆದದ್ದು. ಅದರ ಹೆಸರು Oodi, ಫಿನ್ನಿಶ್‌ನಲ್ಲಿ ಹಾಡಿ ಹೊಗಳುವ ಪದ್ಯ ಅಂತ ಅರ್ಥ. ನಮ್ಮ ಕಿವಿಗೆ ಒಮ್ಮೆ 'ಓಡಿ' ಅಂತ ಕೇಳುತ್ತದೆ, ಒಮ್ಮೆ 'ಓದಿ' ಅಂತ. ಗಡುವಿದ್ದಾಗ ಮೊದಲನೆಯದು, ಮುಗಿದಾಗ ಎರಡನೆಯದು ಅಂತ ನಾನು ನಗುತ್ತಿರುತ್ತೇನೆ. ಮೇಲಿನ ಮಹಡಿಯಲ್ಲಿ ಪುಸ್ತಕ, ಗಾಜಿನ ಗೋಡೆ. ಇರುವಷ್ಟು ಬೆಳಕೂ ಪೂರ್ತಿ ಒಳಗೆ ಬರುತ್ತದೆ. ನಡುವಿನ ಮಹಡಿಯಲ್ಲಿ ಹೊಲಿಗೆ ಮೆಷಿನ್ ಕೂಡ ಇದೆ.

ನೀನು ತಂದಿರುವುದು ಸ್ವೆಟರಿನ ಉದ್ದ ಕಡ್ಡಿ ಇರಬೇಕು. ಕಾಲುಚೀಲಕ್ಕೆ ಎರಡೂ ತುದಿ ಚೂಪಿರುವ ಐದು ಕಡ್ಡಿ ಬೇಕು, 3.5 ಮಿ.ಮೀ.ನದು. ಕೊಳ್ಳಬೇಡ, ನನ್ನ ಹತ್ತಿರ ಎರಡು ಸೆಟ್ ಇದೆ. ಈ ಭಾನುವಾರ ಮಧ್ಯಾಹ್ನ ಆ ಲೈಬ್ರರಿಗೇ ಬಾ, ಲ್ಯಾಪ್‌ಟಾಪ್ ಜೊತೆಗೇ ತಾ. ನೀನು ರಿಪೋರ್ಟ್ ಬರೆ, ನಾನು ಪಕ್ಕದಲ್ಲಿ ಹೆಣೆಯುತ್ತ ಕೂತಿರುತ್ತೇನೆ. ಹಿಮ್ಮಡಿ ಆಮೇಲೆ ತೋರಿಸುತ್ತೇನೆ.