ರೆಡ್‌ಮೈರ್ಸ್‌ಗೆ ಹಕ್ಕಿ ನೋಡಲು ಹೊರಟ ತಂಗಿಗೆ

ತಂಗೀ, ಶೆಫೀಲ್ಡಿಗೆ ಓದಲು ಬಂದ ನೀನು ಕೇಳಿದ್ದು ಮೂರು: ರೆಡ್‌ಮೈರ್ಸ್ ಜಲಾಶಯಕ್ಕೆ ಬೆಳಗಿನ ಹೊತ್ತು ಒಬ್ಬಳೇ ಹೋಗಬಹುದೇ, ಏನು ಹಾಕಿಕೊಳ್ಳಬೇಕು, ಯಾವ ಹಕ್ಕಿ ಕಾಣುತ್ತವೆ. ಹೋಗಬಹುದು. ಲಾಡ್ಜ್ ಮೂರ್‌ವರೆಗೆ ಬಸ್ಸು, ಮುಂದೆ ನಡಿಗೆ. ಏಪ್ರಿಲ್ ಬಂತೆಂದು ಸ್ವೆಟರ್ ಬಿಟ್ಟು ಹೋಗಬೇಡ, ಗುಡ್ಡದ ಮೇಲಿನ ಗಾಳಿಯೇ ಬೇರೆ.

ಪಟ್ಟಣದ ಕುಡಿಯುವ ನೀರಿಗೆಂದು 1836ರಿಂದ 1854ರೊಳಗೆ ಮುಗಿಸಿದ ಮೂರು ಜಲಾಶಯಗಳಿವು. ನೀರಿಗಿಂತ ಸುತ್ತಲಿನ ಹೆದರ್ ಗಿಡಗಳ ಬಯಲನ್ನೇ ಹೆಚ್ಚು ನೋಡು. ರೆಡ್ ಗ್ರೌಸ್ ಕಾಲಬುಡದಿಂದಲೇ ಕೂಗುತ್ತಾ ಏಳುತ್ತದೆ. ನಮ್ಮ ಟಿಟ್ಟಿಭದ ಕುಲದ್ದೇ ಆದ ಜುಟ್ಟಿನ ಲ್ಯಾಪ್‌ವಿಂಗ್ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ.

ನನ್ನ ಜೀವವೆಲ್ಲ ಕರ್ಲ್ಯೂ ಮೇಲೆ. ಚಳಿಗಾಲದಲ್ಲಿ ಹೊನ್ನಾವರದ ಅಳಿವೆಯ ಕೆಸರಿಗೆ ಬಾಗಿದ ಉದ್ದ ಕೊಕ್ಕು ಊರುತ್ತದಲ್ಲ, ಅದೇ ಜಾತಿ. ಅಪ್ಪಯ್ಯ ದೋಣಿಯಲ್ಲಿ ಕೂರಿಸಿಕೊಂಡು ತೋರಿಸಿದ್ದ. ನಾನು ಬಂದ ವರ್ಷದ ವಸಂತದಲ್ಲಿ ಅದು ಇಲ್ಲಿ ಮೇಲೇರಿ, ರೆಕ್ಕೆ ಹರಡಿ ತೇಲಿ ಇಳಿಯುತ್ತಾ ಗುಳುಗುಳು ಹಾಡಿದಾಗ ನಿಂತಲ್ಲೇ ನಿಂತೆ. ಊರಲ್ಲಿ ಆ ಹಾಡು ಕೇಳಿರಲೇ ಇಲ್ಲ. ಅದನ್ನು ಹೆಚ್ಚಾಗಿ ಹಾಡುವುದು ಮರಿ ಮಾಡುವ ನೆಲದಲ್ಲಿ. ಅಪ್ಪಯ್ಯನನ್ನು ಕರೆಸಿ ಕೇಳಿಸಬೇಕೆಂದಿದ್ದೆ. ಅಷ್ಟರಲ್ಲಿ ಅವನೇ ಹೋದ. ಆ ಕೊರಗು ಈಗಲೂ ಇದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗುಡವಿ, ರಂಗನತಿಟ್ಟು ನೋಡಿ ಬೆಳೆದ ನಮಗೆ ಗೂಡೆಂದರೆ ನೀರಿನ ನಡುವಿನ ಮರ. ಕರ್ಲ್ಯೂ ಗೂಡು ಹುಲ್ಲಿನೊಳಗಿನ ಒಂದು ತಗ್ಗು, ಅಷ್ಟೇ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಹಸಿರುಗಂದು ಬಣ್ಣ, ಮೇಲೆ ಕಡುಗಂದು ಮಚ್ಚೆ. ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಒಮ್ಮೆ ಯಾರೋ ದಾರಿ ಬಿಟ್ಟು ಒಳಗೆ ಹೋಗಿ ಬುತ್ತಿ ಬಿಚ್ಚಿದರು. ಹಕ್ಕಿ ಅವರ ತಲೆ ಮೇಲೆ ಸುತ್ತಿ ಸುತ್ತಿ ಅರಚಿತು. ಅವರು ಖುಷಿಯಿಂದ ಫೋಟೋ ತೆಗೆದರು. ದೂರದ ದಾರಿಯಲ್ಲಿದ್ದ ನನಗೆ ಬೈನಾಕ್ಯುಲರಿನಲ್ಲಿ ಕಂಡದ್ದು, ಕಾಗೆಯೊಂದು ಇಳಿದು ಮೊಟ್ಟೆ ಕಚ್ಚಿಕೊಂಡು ಹಾರಿದ್ದು. ಜಗತ್ತಿನಲ್ಲಿ ಮರಿ ಮಾಡುವ ಕರ್ಲ್ಯೂಗಳಲ್ಲಿ ಸುಮಾರು ಕಾಲು ಪಾಲು ಬ್ರಿಟನ್ನಿನಲ್ಲಿವೆ, 2015ರಿಂದ ಅಪಾಯದಲ್ಲಿರುವ ಹಕ್ಕಿಗಳ ಇಲ್ಲಿನ ಕೆಂಪು ಪಟ್ಟಿಯಲ್ಲೂ ಇವೆ. ಒಂದು ಮೊಟ್ಟೆ ಹೋದರೂ ಹೊಟ್ಟೆ ಉರಿಯುತ್ತದೆ.

ಈ ಬಯಲುಗಳಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕನ್ನು 2000ನೇ ಇಸವಿಯ ಕಾನೂನು ಕೊಟ್ಟಿದೆ. ಅದಕ್ಕಾಗಿ 1932ರಲ್ಲಿ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟ ಹತ್ತಿ ಜೈಲಿಗೆ ಹೋದವರಿದ್ದಾರೆ. ಆ ಹಕ್ಕಿನ ಬಗ್ಗೆ ನನಗೆ ಬಹಳ ಗೌರವ. ಆದರೂ ಮಾರ್ಚ್‌ನಿಂದ ಜುಲೈವರೆಗೆ ನೀನು ದಾರಿ ಬಿಡಬೇಡ. ಗೆಳತಿಯ ನಾಯಿ ಜೊತೆಗಿದ್ದರೆ ಗಿಡ್ಡ ಹಗ್ಗದಲ್ಲೇ ಇರಲಿ, ಆ ತಿಂಗಳುಗಳಲ್ಲಿ ಕಾನೂನೂ ಹಾಗೆಯೇ ಹೇಳುತ್ತದೆ. ಹಕ್ಕಿ ನಿನ್ನ ಮೇಲೆ ಸುತ್ತತೊಡಗಿದರೆ ಬಂದ ದಾರಿಯಲ್ಲೇ ಹಿಂದೆ ಬಾ.

ಭಾನುವಾರ ಹೋಗುವುದಾದರೆ ಶನಿವಾರವೇ ಫೋನ್ ಮಾಡು, ಕಾರಿನಲ್ಲಿ ಕರೆದೊಯ್ಯುತ್ತೇನೆ. ನಿನ್ನ ಅತ್ತಿಗೆ ತೆಳ್ಳೇವು ಕಟ್ಟಿಕೊಡುತ್ತಾಳೆ.