ಹಳೆಯ ಸೆಟ್‌ಟಾಪ್ ಬಾಕ್ಸ್‌ಗೆ ಬದಲಿ ಕಾರ್ಡ್ ಹಾಕಿದರೂ ಚಾನೆಲ್ ಏಕೆ ಬರುವುದಿಲ್ಲ?

ಸಕಲೇಶಪುರದ ತೋಟದ ಮನೆಯಲ್ಲಿ ವರ್ಷಗಟ್ಟಲೆ ಬಳಸದೆ ಇಟ್ಟಿದ್ದ ಡಿಟಿಎಚ್ ಬಾಕ್ಸ್‌ಗೆ ಕಂಪನಿ ಕೊಟ್ಟ ಬದಲಿ ಕಾರ್ಡ್ ಹಾಕಿದರೂ ಚಾನೆಲ್ ಬರುತ್ತಿಲ್ಲ ಎಂದು ಕೇಳಿದ್ದೀರಿ.

ಕಾರ್ಡ್ ಹಾಕಿದ ಮಾತ್ರಕ್ಕೆ ಬಾಕ್ಸ್ ಚಾಲೂ ಆಗುವುದಿಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿ, ಹೊಸ ಕಾರ್ಡಿನ ಸಂಖ್ಯೆಯನ್ನೂ ಬಾಕ್ಸಿನ ಸಂಖ್ಯೆಯನ್ನೂ ಕೊಟ್ಟು, ಎರಡನ್ನೂ ನಿಮ್ಮ ಖಾತೆಯಲ್ಲಿ ಪರಸ್ಪರ ಜೋಡಿಸಲು ಹೇಳಬೇಕು. ಆ ಬಳಿಕ ಕಂಪನಿ ಕಳುಹಿಸುವ ಅನುಮತಿ ಸಂದೇಶವು ಉಪಗ್ರಹದ ಮೂಲಕವೇ ಡಿಶ್‌ಗೆ ಬಂದು ಕಾರ್ಡಿನಲ್ಲಿ ದಾಖಲಾಗುವುದರಿಂದ, ಆ ಹೊತ್ತಿನಲ್ಲಿ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿರದೆ ಪೂರ್ತಿ ಆನ್ ಆಗಿರಬೇಕು ಮತ್ತು ಸಿಗ್ನಲ್ ಸಿಗುತ್ತಿರಬೇಕು.

ಆದ್ದರಿಂದ ಕರೆ ಮಾಡುವ ಮೊದಲು ಮೆನುವಿನಲ್ಲಿ ಸಿಗ್ನಲ್ ಮಟ್ಟವನ್ನು ನೋಡಿಕೊಳ್ಳಿ. ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಲ್ವರ್ ಓಕ್ ಕೊಂಬೆಗಳು ಡಿಶ್‌ಗೆ ಅಡ್ಡ ಬೆಳೆದಿರುತ್ತವೆ. ಎಲ್‌ಎನ್‌ಬಿಗೆ, ಅಂದರೆ ಡಿಶ್‌ನ ಮುಂದೆ ಚಾಚಿದ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗಕ್ಕೆ, ಸಿಕ್ಕಿಸಿದ ಕೇಬಲ್ ತುದಿಯನ್ನು ಬಿಚ್ಚಿದರೆ ನಡುವಿನ ತಾಮ್ರದ ತಂತಿ ಹಸಿರುಗಟ್ಟಿರುವುದು ಕಾಣಬಹುದು. ಅದನ್ನು ಒರೆಸಿ ಮತ್ತೆ ಹಾಕುವುದಕ್ಕಿಂತ, ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸುವುದೇ ಉತ್ತಮ. ಕಾರ್ಡಿನ ಚಿನ್ನದ ಬಣ್ಣದ ಚಿಪ್ಪನ್ನು ಒಣ ಬಟ್ಟೆಯಿಂದ ಒರೆಸಿ, ಬಾಕ್ಸಿನ ಮೇಲಿನ ಚಿತ್ರದಲ್ಲಿ ತೋರಿಸಿದ ದಿಕ್ಕಿನಲ್ಲೇ ಸೇರಿಸಿ. ಪಕ್ಕದ ಮನೆಯ ಕಾರ್ಡನ್ನು ಹಾಕಿ ನೋಡಬೇಡಿ. ಅದು ಅವರ ಬಾಕ್ಸಿಗೆ ಜೋಡಣೆಯಾಗಿರುತ್ತದೆ.

ನಿಮ್ಮದು ಎಂಪೆಗ್-2 (ವಿಡಿಯೊವನ್ನು ಕುಗ್ಗಿಸಿ ಕಳುಹಿಸುವ ಹಳೆಯ ವಿಧಾನ) ಮಾತ್ರ ಓದಬಲ್ಲ ಹಳೆಯ ಬಾಕ್ಸ್ ಆಗಿದ್ದರೆ, ಅದರ ನಂತರ ಬಂದ ಎಂಪೆಗ್-4 ರೂಪದಲ್ಲಿ ಬರುವ ಚಾನೆಲ್‌ಗಳನ್ನು ಯಾವ ಕಾರ್ಡ್ ಹಾಕಿದರೂ ಅದು ತೋರಿಸಲಾರದು. ರೀಚಾರ್ಜ್‌ಗೆ ಹಣ ಕಟ್ಟುವ ಮೊದಲೇ ಮಾದರಿಯ ಸಂಖ್ಯೆ ಹೇಳಿ ಇದನ್ನು ಕೇಳಿಕೊಳ್ಳಿ.