ಹಳೆಯದು ಹೌದೇ? ಓದುಗರ ಪ್ರಶ್ನೆಗಳಿಗೆ ಎರಕದವನ ಉತ್ತರ

ಪ್ರಶ್ನೆ: ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಯೊಂದರ ಸಾಮಾನುಗಳು ಮಾರಾಟಕ್ಕಿವೆ. ಅವುಗಳಲ್ಲಿ ಹಾವನ್ನು ಪಂಜದಡಿ ಒತ್ತಿಹಿಡಿದ ಸಿಂಹದ ಕಂಚಿನ ಶಿಲ್ಪವೊಂದಿದೆ. ಪೀಠದ ಮೇಲೆ ‘ಬಾರಿ’ ಎಂಬ ಫ್ರೆಂಚ್ ಶಿಲ್ಪಿಯ ಸಹಿ. ಒಂದೂಮುಕ್ಕಾಲು ಲಕ್ಷ ಹೇಳುತ್ತಿದ್ದಾರೆ. ಕೊಳ್ಳಲೇ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಸಹಿ ನೋಡಿ ದುಡ್ಡು ಎಣಿಸಬೇಡಿ. ನಾನು ಉದ್ಯಮಬಾಗದ ಎರಕಮನೆಯಲ್ಲಿ ಮೂವತ್ತೆರಡು ವರ್ಷ ಮರಳಿನಲ್ಲಿ ಅಚ್ಚು ಕೂರಿಸಿದವನು. ಅಚ್ಚು ತೆಗೆಯಲು ಮರಳಿನಲ್ಲಿ ಒತ್ತುವ ಮಾದರಿಯ, ಅಂದರೆ ಪ್ಯಾಟರ್ನಿನ, ಮೇಲೆ ಒಮ್ಮೆ ಕೆತ್ತಿದ ಅಕ್ಷರ ಪ್ರತಿ ಎರಕದಲ್ಲೂ ತಾನಾಗಿಯೇ ಮೂಡುತ್ತದೆ. ಅದಕ್ಕೆ ಶಿಲ್ಪಿ ಬದುಕಿರಬೇಕೆಂದೇನೂ ಇಲ್ಲ. ಆಂಟ್ವಾನ್-ಲೂಯಿ ಬಾರಿ ತೀರಿಕೊಂಡದ್ದು 1875ರಲ್ಲಿ. ಆಮೇಲೂ ಪ್ಯಾರಿಸ್ಸಿನ ಬಾರ್ಬೆಡಿಯೆನ್ ಎರಕಮನೆ ಅವರ ಮಾದರಿಗಳಿಂದ ಮೂರ್ತಿಗಳನ್ನು ಹೊಯ್ಯುತ್ತಲೇ ಇತ್ತು. ಅವಕ್ಕೂ ಒಳ್ಳೆಯ ಬೆಲೆಯಿದೆ. ನಿಮ್ಮನ್ನು ಮುಳುಗಿಸುವುದು ಮೂರನೆಯ ಬಗೆ: ಯಾರೋ ಒಂದು ಮೂರ್ತಿಯನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದು ಹೊಯ್ದ ಮರಿ ಎರಕ. ಅದರಲ್ಲೂ ಸಹಿ ಇರುತ್ತದೆ, ಎರಕಮನೆಯ ಮುದ್ರೆಯೂ ಇರುತ್ತದೆ.

ಅದನ್ನು ಹಿಡಿಯಲು ಅಳತೆಪಟ್ಟಿ ಸಾಕು. ನಮ್ಮ ಪ್ಯಾಟರ್ನ್ ಬಡಗಿಯ ಬಳಿ ಎರಡು ಪಟ್ಟಿಗಳಿರುತ್ತಿದ್ದವು. ಎರಡನೆಯದರ ಇಂಚು ಲೋಕದ ಇಂಚಿಗಿಂತ ಕೂದಲೆಳೆಯಷ್ಟು ಉದ್ದ; ಕುಗ್ಗುಪಟ್ಟಿ ಎನ್ನುತ್ತಿದ್ದೆವು. (ಹೊಸ ಹುಡುಗನೊಬ್ಬ ಅದರಿಂದಲೇ ತನ್ನ ಮನೆಯ ಕಿಟಕಿ ಅಳೆದು ಗಾಜು ತಂದ. ಗಾಜು ಚೌಕಟ್ಟಿಗೆ ಸಾಲಲಿಲ್ಲ.) ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕಂಚಾದರೆ ನೂರಕ್ಕೆ ಹೆಚ್ಚುಕಡಿಮೆ ಒಂದೂವರೆ ಪಾಲು. ಅಂದರೆ 40 ಸೆಂಟಿಮೀಟರಿನ ಮೂರ್ತಿಯಿಂದ ತೆಗೆದ ಮರಿ ಎರಕ ಅರ್ಧ ಸೆಂಟಿಮೀಟರಿಗೂ ಹೆಚ್ಚು ಗಿಡ್ಡ. ಈ ಸಿಂಹವನ್ನು ಹಲವು ಗಾತ್ರಗಳಲ್ಲಿ ಹೊಯ್ದಿದ್ದಾರೆ. ಪ್ರತಿ ಗಾತ್ರದ ಎತ್ತರವೂ ಮ್ಯೂಸಿಯಂ ಮತ್ತು ಹರಾಜು ಪಟ್ಟಿಗಳಲ್ಲಿ ಸಿಗುತ್ತದೆ. ಹೋಲಿಸಿ ನೋಡಿ. ಸಿಂಹ ಗಿಡ್ಡವಾಗಿದ್ದು, ಕೇಸರದ ಗೀರುಗಳು ಸಾಬೂನಿನಂತೆ ನುಣುಪಾಗಿದ್ದರೆ ಕೈಮುಗಿದು ಬನ್ನಿ.

ಅದಕ್ಕೂ ಮೊದಲು ಅದು ಕಂಚೇ ಹೌದೇ ಎಂದು ನೋಡಿಕೊಳ್ಳಿ. ಆ ಕಾಲದಲ್ಲಿ ಸತುವಿನ ಅಗ್ಗದ ಮೂರ್ತಿಗಳಿಗೆ ಕಂಚಿನ ಬಣ್ಣ ಕೊಟ್ಟು ರಾಶಿಗಟ್ಟಲೆ ಮಾರಿದ್ದಾರೆ. ಆಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆಯನ್ನು ನೆಚ್ಚಬೇಡಿ. ಮಾರುವವರ ಒಪ್ಪಿಗೆ ಪಡೆದು, ಪೀಠದ ಅಡಿಯಲ್ಲಿ ಕಾಣದ ಕಡೆ ಸೂಜಿಯಿಂದ ಗೀರಿ. ಹೊನ್ನಿನ ಬಣ್ಣ ಕಂಡರೆ ಕಂಚು, ಬೂದುಬಿಳುಪು ಕಂಡರೆ ಸತು. ಒಪ್ಪಿಗೆ ಕೊಡದಿದ್ದರೆ ಅದೂ ಒಂದು ಉತ್ತರವೇ.

ಪ್ರಶ್ನೆ: ನಮ್ಮ ಅಜ್ಜ ಮುಂಬಯಿಯಿಂದ ತಂದ ತೈಲಚಿತ್ರದಲ್ಲಿ ಕೆರೆ, ಮರ, ಮಂಜು ಇವೆ. ಮೂಲೆಯಲ್ಲಿ ‘ಕೋರೋ’ ಎಂದಿದೆ. ಅಸಲಿಯೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರ ಕೋರೋ ಬರೆದದ್ದು ಮೂರು ಸಾವಿರ ಚಿತ್ರ, ಅಮೆರಿಕ ಒಂದರಲ್ಲೇ ಇರುವುದು ಐದು ಸಾವಿರ ಎಂಬ ಹಳೆಯ ಗೇಲಿಯೊಂದಿದೆ. ತಪ್ಪು ಅವರದೂ ಇದೆ. ಪುಣ್ಯಾತ್ಮ, ಬಡ ಗೆಳೆಯರ ಚಿತ್ರಗಳಿಗೂ ತಮ್ಮ ಸಹಿ ಹಾಕಿಕೊಡುತ್ತಿದ್ದರಂತೆ. ಭೂತಗನ್ನಡಿಯಲ್ಲಿ ನೋಡಿ: ಬಣ್ಣ ಸಾಲುಸಾಲು ಚುಕ್ಕೆಗಳಾಗಿ ಒಡೆದು ಕಂಡರೆ ಅದು ಅಚ್ಚು ಹಾಕಿದ ಚಿತ್ರ. ಚುಕ್ಕೆಯಿಲ್ಲದಿದ್ದರೆ ಚೌಕಟ್ಟು ತಿರುಗಿಸಿ ಕ್ಯಾನ್ವಾಸಿನ ಬೆನ್ನು ನೋಡಿ. ಬಟ್ಟೆಯನ್ನು ಸ್ಟೇಪಲ್ ಪಿನ್ನುಗಳಿಂದ ಬಿಗಿದಿದ್ದರೆ ಅದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಕೆಲಸ. ಮೊಳೆಗಳಿದ್ದು, ಬಟ್ಟೆ ಕಂದಿದ್ದರೆ ಮಾತ್ರ ತಜ್ಞರಿಗೆ ತೋರಿಸಿ. ಬಿಳಿ ಬಣ್ಣದಲ್ಲಿ ಟೈಟಾನಿಯಂ ಇದೆಯೇ ಎಂದು ಅವರು ಪರೀಕ್ಷಿಸಬಲ್ಲರು. ಆ ಬಿಳುಪು ಪೇಟೆಗೆ ಬಂದದ್ದು 1920ರ ಆಸುಪಾಸಿನಲ್ಲಿ, ಕೋರೋ ತೀರಿಕೊಂಡದ್ದು 1875ರಲ್ಲಿ. ಅಜ್ಜ ಎಷ್ಟು ಕೊಟ್ಟು ತಂದರು ಎಂಬ ಚೀಟಿಯೇನಾದರೂ ಸಿಕ್ಕರೆ ಎಸೆಯಬೇಡಿ. ನೂರು ವರ್ಷ ದಾಟಿದ ಚಿತ್ರವಾದರೆ ಅದನ್ನು ವಿದೇಶಕ್ಕೆ ಕಳುಹಿಸುವ ಯೋಚನೆಯಿದ್ದರೆ ಬಿಡಿ. 1972ರ ಪುರಾವಸ್ತು ಕಾಯಿದೆ ಅಡ್ಡ ಬರುತ್ತದೆ.

ಪ್ರಶ್ನೆ: ಕಂಚಿನ ಫ್ರೆಂಚ್ ಕುದುರೆಯನ್ನು ಹಬ್ಬಕ್ಕೆಂದು ನನ್ನಾಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಳೆ. ಫಳಫಳ ಹೊಳೆಯುತ್ತಿದೆ. ಹಾಳಾಯಿತೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಆಯಿತು. ತಿಕ್ಕಿ ತೆಗೆದ ಆ ಕಂದು ಬಣ್ಣ ಕೊಳೆಯಲ್ಲ. ಲೋಹವನ್ನು ಕಾಯಿಸಿ, ರಾಸಾಯನಿಕ ಬಳಿದು, ಮೇಲೆ ಮೇಣ ಹಚ್ಚಿ ಬರಿಸಿದ್ದು. ಆಕೆಯನ್ನು ಬೈಯಬೇಡಿ. 1986ರಲ್ಲಿ ನಾನೇ ಒಬ್ಬ ಸಾಹೇಬರ ಕಂಚಿನ ಜಿಂಕೆಯನ್ನು ಬಫಿಂಗ್ ಚಕ್ರಕ್ಕೆ ಹಿಡಿದು, ಹೊಸ ಲೋಟದಂತೆ ಹೊಳೆಯಿಸಿ ಹೆಮ್ಮೆಯಿಂದ ಒಪ್ಪಿಸಿದ್ದೆ. ಅವರು ಕೂಲಿ ಕೊಟ್ಟರು, ಮಾತು ಬಿಟ್ಟರು. ಕುದುರೆಯ ಕಿವಿಯ ಸಂದಿನಲ್ಲಿ, ಹೊಟ್ಟೆಯ ಕೆಳಗೆ ಹಳೆಯ ಬಣ್ಣ ಉಳಿದಿರಬಹುದು. ಬಣ್ಣ ಮರಳಿ ಕೊಡಿಸುವವರಿಗೆ ಅದೇ ಮಾದರಿ. ಸದ್ಯಕ್ಕೆ ಹುಳಿಯ ಅಂಶ ಉಳಿಯದಂತೆ ನೀರಿನಲ್ಲಿ ತೊಳೆದು, ಒರೆಸಿ, ಚೆನ್ನಾಗಿ ಒಣಗಿಸಿ ಮೇಲಿನ ಕಪಾಟಿನಲ್ಲಿಡಿ. ಮುಂದಿನ ಹಬ್ಬ ದೂರವಿಲ್ಲ.